ತೆರಿಗೆ ರಿಫಂಡ್ ಬಂತು: ಖರ್ಚು ಮಾಡೋದಾ, ಉಳಿಸೋದಾ?

ಮೊಬೈಲಿಗೆ ಬ್ಯಾಂಕಿನ ಮೆಸೇಜು ಬಂದಾಗ ನಾನು ಹುರುಳಿಕಾಯಿ ನಾರು ತೆಗೆಯುತ್ತಾ ಕೂತಿದ್ದೆ. ಖಾತೆಗೆ 31,280 ರೂಪಾಯಿ ಜಮಾ. ಆದಾಯ ತೆರಿಗೆ ರಿಫಂಡ್! ಮನೆಯವರನ್ನು ಕೂಗಿ ಹೇಳಿದೆ. ಅರ್ಧ ಗಂಟೆಯಲ್ಲಿ ದೊಡ್ಡ ಟಿವಿ ತರೋದು ಅಂತ ತೀರ್ಮಾನವಾಯಿತು. ಆ ಭಾನುವಾರವೇ ಟಿವಿ ಗೋಡೆ ಮೇಲಿತ್ತು.

ಮುಂದಿನ ಮಳೆಗಾಲಕ್ಕೆ ಅಡುಗೆಮನೆ ತಾರಸಿ ಸೋರತೊಡಗಿತು. ‘ಮುಂದಿನ ವರ್ಷ ಮಾಡಿಸೋಣ’ ಅಂತ ಎರಡು ಸಲ ಮುಂದಕ್ಕೆ ಹಾಕಿದ್ದ ಕೆಲಸ ಅದು. ರಿಪೇರಿಗೆ 28 ಸಾವಿರ ಬೇಕಾಯಿತು. ಕೈಯಲ್ಲಿ ಇರಲಿಲ್ಲ, ಕ್ರೆಡಿಟ್ ಕಾರ್ಡ್ ಉಜ್ಜಿದೆವು. ಆ ಬಾಕಿ ತೀರಿಸಲು ಒಂದು ವರ್ಷ ಹಿಡಿಯಿತು. ಟಿವಿ ಬಗ್ಗೆ ನನಗೆ ಈಗಲೂ ಬೇಸರವಿಲ್ಲ. ಅರ್ಧ ಗಂಟೆಯಲ್ಲಿ ತೀರ್ಮಾನ ಮಾಡಿದ್ದಕ್ಕೆ ಬೇಸರವಿದೆ. ಆಮೇಲೆ ಪ್ರತಿ ವರ್ಷ ರಿಫಂಡ್ ಬಂದಾಗ ಏನು ಮಾಡಬೇಕು ಅಂತ ನಾವೇ ಒಂದು ಕ್ರಮ ಮಾಡಿಕೊಂಡೆವು. ಅದನ್ನೇ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಮೊದಲು ಎರಡು ಪದ ಬಿಡಿಸಿಕೊಳ್ಳೋಣ. ವರ್ಷದಲ್ಲಿ ನಿಮ್ಮಿಂದ ಜಾಸ್ತಿ ಹಿಡಿದಿಟ್ಟ ತೆರಿಗೆ ರಿಟರ್ನ್ ಸಲ್ಲಿಸಿದ ಮೇಲೆ ವಾಪಸ್ ಬಂದರೆ ಅದು ರಿಫಂಡ್. ಕಟ್ಟಬೇಕಾದ ತೆರಿಗೆಯನ್ನೇ ಸರ್ಕಾರ ಮಾಫಿ ಮಾಡಿದರೆ ಅದು ರಿಬೇಟ್. 2025ರ ಫೆಬ್ರುವರಿ 1ರ ಬಜೆಟ್‌ನಲ್ಲಿ ನಿರ್ಮಲಾ ಸೀತಾರಾಮನ್ ಅವರು ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆ ಇಲ್ಲ ಎಂದರಲ್ಲ, ಅದು ರಿಬೇಟ್ ಲೆಕ್ಕ. ಸಂಬಳದಾರರಿಗೆ ಸ್ಟ್ಯಾಂಡರ್ಡ್ ಡಿಡಕ್ಷನ್ ಅಂತ 75 ಸಾವಿರವನ್ನು ಮೊದಲೇ ಸಂಬಳದಿಂದ ಕಳೆಯುತ್ತಾರೆ, ಅದೂ ಸೇರಿ 12.75 ಲಕ್ಷ. ಷೇರು ಮಾರಿದ ಲಾಭದಂಥ ಬೇರೆ ದರದ ಆದಾಯಕ್ಕೆ ಈ ರಿಬೇಟ್ ಸಿಗುವುದಿಲ್ಲ.

ರಿಫಂಡ್ ಇಡೀ ಗಂಟಾಗಿ ಬರುತ್ತದೆ, ಕಣ್ಣಿಗೆ ಕಾಣುತ್ತದೆ. ರಿಬೇಟ್ ತಿಂಗಳ ಸಂಬಳದಲ್ಲಿ ಸದ್ದಿಲ್ಲದೆ ಸೇರುತ್ತದೆ. ಎರಡನ್ನೂ ಹಿಡಿಯುವ ರೀತಿ ಬೇರೆ. ಮೊದಲು ಗಂಟಿನ ವಿಚಾರ.

ಹಂತ 1: ಈ ಹಣ ಪೂರ್ತಿ ನಿಮ್ಮದೇನಾ ನೋಡಿ

ರಿಟರ್ನ್‌ಗಳ ಲೆಕ್ಕ ನೋಡುವ ಕೇಂದ್ರ ನಮ್ಮ ಬೆಂಗಳೂರಿನಲ್ಲೇ ಇದೆ, ಸಿಪಿಸಿ ಅಂತಾರೆ. ಅಲ್ಲಿಂದ ಒಂದು ಇಂಟಿಮೇಷನ್ ಇಮೇಲ್ ಬರುತ್ತದೆ. ಅದನ್ನು ತೆರೆದು ನೋಡಿ. ಒಂದು ಕಡೆ ನೀವು ಕೊಟ್ಟ ಲೆಕ್ಕ, ಪಕ್ಕದಲ್ಲಿ ಇಲಾಖೆಯ ಲೆಕ್ಕ ಇರುತ್ತದೆ. ನೀವು ಅಂದುಕೊಂಡದ್ದಕ್ಕಿಂತ ಕಡಿಮೆ ಬಂದಿದ್ದರೆ, ಹಳೆಯ ವರ್ಷದ ಬಾಕಿಗೆ ಹೊಂದಿಸಿಕೊಂಡಿರಬಹುದು. ಸ್ವಲ್ಪ ಜಾಸ್ತಿ ಬಂದಿದ್ದರೆ ಅದರಲ್ಲಿ ಬಡ್ಡಿ ಸೇರಿರಬಹುದು. ತಿಂಗಳಿಗೆ ಅರ್ಧ ಪರ್ಸೆಂಟ್ ಬಡ್ಡಿ ಕೊಡುತ್ತಾರೆ. ರಿಫಂಡ್ ಆದಾಯವಲ್ಲ, ಆದರೆ ಆ ಬಡ್ಡಿ ಆದಾಯವೇ. ಮುಂದಿನ ರಿಟರ್ನ್‌ನಲ್ಲಿ ತೋರಿಸಬೇಕು.

ಇನ್ನೊಂದು ಮಾತು ಗಟ್ಟಿಯಾಗಿ ಹೇಳಬೇಕು. ‘ನಿಮಗೆ 60 ಸಾವಿರ ರಿಫಂಡ್ ಮಾಡಿಸಿಕೊಡ್ತೀನಿ, ನನಗೆ ಇಷ್ಟು ಪರ್ಸೆಂಟ್’ ಎನ್ನುವ ಏಜೆಂಟರು ಇದ್ದಾರೆ. ಕಟ್ಟದ ಬಾಡಿಗೆ, ಕೊಡದ ದೇಣಿಗೆ ತೋರಿಸಿ ಹಣ ತರಿಸುತ್ತಾರೆ. ಸಿಕ್ಕಿಬಿದ್ದರೆ ಹಣ ಬಡ್ಡಿ ಸಮೇತ ವಾಪಸ್ ಕೊಡಬೇಕಾದವರು, ದಂಡ ಕಟ್ಟಬೇಕಾದವರು ನೀವೇ. ಅಂಥ ಹಣ ಬಂದಿದ್ದರೆ ಮುಟ್ಟಬೇಡಿ. ಒಳ್ಳೆಯ ಲೆಕ್ಕಪರಿಶೋಧಕರ ಹತ್ತಿರ ಹೋಗಿ ರಿಟರ್ನ್ ಸರಿಪಡಿಸಿ.

ಹಾಗೆಯೇ ‘ನಿಮ್ಮ ರಿಫಂಡ್ ಮಂಜೂರಾಗಿದೆ, ಈ ಲಿಂಕ್ ಒತ್ತಿ’ ಎಂಬ ಮೆಸೇಜು ಬಂದರೆ ಒತ್ತಲೇಬೇಡಿ. ರಿಫಂಡ್ ಬರುವುದು ಇಲಾಖೆಯ ಪೋರ್ಟಲ್‌ನಲ್ಲಿ ನೀವು ಮೊದಲೇ ದೃಢಪಡಿಸಿದ ಖಾತೆಗೆ. ಇಲಾಖೆ ಒಟಿಪಿ, ಪಿನ್ ಕೇಳುವುದಿಲ್ಲ. ಮೋಸ ಹೋದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಹಂತ 2: ಒಂದು ವಾರ ಏನೂ ಮಾಡಬೇಡಿ

ಸುಮ್ನೆ ಬಿಡಿ. ಸಾಧ್ಯವಾದರೆ ಫೋನ್ ಪೇ, ಗೂಗಲ್ ಪೇಗೆ ಜೋಡಿಸದ ಬೇರೆ ಖಾತೆಗೆ ಹಾಕಿಡಿ. ದಿನಾ ತರಕಾರಿ, ಪೆಟ್ರೋಲಿಗೆ ಸ್ಕ್ಯಾನ್ ಮಾಡುವ ಖಾತೆಯಲ್ಲಿ ಇಟ್ಟರೆ ಆ ಹಣ ಎಲ್ಲಿ ಹೋಯಿತು ಅಂತ ತಿಳಿಯುವುದೇ ಇಲ್ಲ.

ಆ ವಾರದಲ್ಲಿ ಮನೆಮಂದಿ ಒಂದು ಸಲ ಕೂತು ಮಾತಾಡಿ. ನಮ್ಮಲ್ಲಿ ಕರೆಂಟ್ ಬಿಲ್ಲಿನ ಹಿಂದೆ ಮೂರು ಗೆರೆ ಎಳೆದು ಬರೆಯುತ್ತೇವೆ: ಸಾಲ ಎಷ್ಟಿದೆ, ಆಪತ್ತಿಗೆ ಎಷ್ಟಿದೆ, ಯಾವ ಕೆಲಸ ಬಾಕಿ ಇದೆ. ಮಗನೂ ಕೂರುತ್ತಾನೆ. ಹೋದ ವರ್ಷ ಅವನು ಬಾಕಿ ಕೆಲಸದ ಕಾಲಂನಲ್ಲಿ ‘ಅಜ್ಜಿ ಕನ್ನಡಕ’ ಅಂತ ಬರೆದ. ನಮ್ಮಿಬ್ಬರಿಗೂ ಅದು ಹೊಳೆದಿರಲಿಲ್ಲ.

ಹಂತ 3: ದುಬಾರಿ ಸಾಲ ಮೊದಲು ತೀರಿಸಿ

ಖರ್ಚಾ, ಉಳಿತಾಯವಾ ಅಂತ ಕೇಳುವವರಿಗೆ ನಾನು ಮೊದಲು ಕೇಳುವುದು ಸಾಲದ ಬಗ್ಗೆ. ನನ್ನ ತಂಗಿ ಒಂದು ಸಂಜೆ ಫೋನ್ ಮಾಡಿದಳು.

‘ಅಕ್ಕ, ನಲವತ್ತು ಸಾವಿರ ರಿಫಂಡ್ ಬಂದಿದೆ. ಎಫ್‌ಡಿ ಇಟ್ಟುಬಿಡ್ತೀನಿ.’

‘ಕಾರ್ಡ್ ಬಾಕಿ ಇದ್ಯಾ?’

‘ಇದೆ, ಅದೂ ಅಷ್ಟೇ. ಪರವಾಗಿಲ್ಲ, ತಿಂಗಳಾ ತಿಂಗಳಾ ಮಿನಿಮಮ್ ಕಟ್ತಿದೀನಲ್ಲ.’

ಬಿಲ್ ಕಳಿಸು ಅಂದೆ. ಬಾಕಿ 40,000. ಬಡ್ಡಿ ತಿಂಗಳಿಗೆ ಶೇ 3.5, ಅಂದರೆ 1,400 ರೂಪಾಯಿ. ಆ ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ, 252 ರೂಪಾಯಿ. ಒಟ್ಟು 1,652. ಅವಳು ಕಟ್ಟುತ್ತಿದ್ದ ಮಿನಿಮಮ್ 2,000. ಅಂದರೆ ಪ್ರತಿ ತಿಂಗಳು ಅಸಲಿಗೆ ಸೇರುತ್ತಿದ್ದದ್ದು 348 ರೂಪಾಯಿ ಮಾತ್ರ! ಬಾಕಿ ಇರುವಾಗ ಹೊಸದಾಗಿ ಏನು ಕೊಂಡರೂ ಮೊದಲ ದಿನದಿಂದಲೇ ಬಡ್ಡಿ, ಅದು ಬೇರೆ. ಅದೇ 40 ಸಾವಿರವನ್ನು ಶೇ 7ರ ಎಫ್‌ಡಿಯಲ್ಲಿ ಇಟ್ಟಿದ್ದರೆ ತಿಂಗಳಿಗೆ ಸಿಗುತ್ತಿದ್ದದ್ದು ಸುಮಾರು 233 ರೂಪಾಯಿ. ಒಂದು ಕೈಯಲ್ಲಿ 233 ತಗೊಂಡು ಇನ್ನೊಂದು ಕೈಯಲ್ಲಿ 1,652 ಕೊಡುವ ವ್ಯವಹಾರ. ಅವತ್ತೇ ರಾತ್ರಿ ಕಾರ್ಡ್ ತೀರಿಸಿದಳು.

ಕಾರ್ಡ್ ಆದ ಮೇಲೆ ಸಾಲದ ಆ್ಯಪ್‌ಗಳು, ಕೈಸಾಲ, ಪರ್ಸನಲ್ ಲೋನ್. ಒಡವೆ ಅಡ ಇಟ್ಟಿದ್ದರೆ ಅದನ್ನೂ ಇದೇ ಪಟ್ಟಿಗೆ ಸೇರಿಸಿ. ಬಡ್ಡಿ ಮಾತ್ರ ಕಟ್ಟಿ ವರ್ಷ ವರ್ಷ ಅಡ ಮುಂದುವರಿಸುತ್ತಾ ಹೋದವರ ಒಡವೆ ಹರಾಜಿಗೆ ಬಂದದ್ದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ರಿಫಂಡ್‌ನಲ್ಲಿ ಒಂದು ಜೊತೆ ಬಳೆಯಾದರೂ ಬಿಡಿಸಿಕೊಂಡು ಬನ್ನಿ.

ಮನೆ ಸಾಲದ ಬಡ್ಡಿ ಕಡಿಮೆ, ಹಾಗಾಗಿ ಅದಕ್ಕೆ ಅವಸರವಿಲ್ಲ. ಆದರೆ ಸಾಲ ಹೊಸದಾಗಿದ್ದರೆ ಲೆಕ್ಕ ಬೆರಗು ಹುಟ್ಟಿಸುತ್ತದೆ. 30 ಲಕ್ಷ, ಶೇ 8.5, 20 ವರ್ಷ ಎಂದರೆ ಕಂತು ಸುಮಾರು 26 ಸಾವಿರ. ಶುರುವಿನಲ್ಲೇ 50 ಸಾವಿರ ಹೆಚ್ಚುವರಿ ಕಟ್ಟಿದರೆ ಕೊನೆಯಲ್ಲಿ ಸುಮಾರು 10 ಕಂತು ಕಮ್ಮಿಯಾಗುತ್ತವೆ. ಅಂದರೆ 2 ಲಕ್ಷ 60 ಸಾವಿರ! ಬದಲಾಗುವ ಬಡ್ಡಿಯ ಮನೆ ಸಾಲವನ್ನು ಮುಂಚೆ ಕಟ್ಟಿದರೆ ದಂಡ ಹಾಕುವಂತಿಲ್ಲ. ಬ್ಯಾಂಕಿನಲ್ಲಿ ‘ಕಂತು ಕಡಿಮೆ ಮಾಡಬೇಡಿ, ಅವಧಿ ಕಡಿಮೆ ಮಾಡಿ’ ಎಂದು ಬರೆದು ಕೊಡಿ.

ಹಂತ 4: ಆಪತ್ತಿನ ಹಣ

ಮನೆಯ ಮೂರರಿಂದ ಆರು ತಿಂಗಳ ಖರ್ಚು ಪಕ್ಕಕ್ಕೆ ಇರಬೇಕು ಎನ್ನುತ್ತಾರೆ. ಒಂದೇ ರಿಫಂಡ್‌ನಲ್ಲಿ ಅಷ್ಟು ಆಗುವುದಿಲ್ಲ, ಗೊತ್ತು. ಒಂದು ತಿಂಗಳಿನಷ್ಟಾದರೂ ಶುರು ಮಾಡಿ. ಬೇಕೆಂದಾಗ ಮುರಿಯಬಹುದಾದ ಎಫ್‌ಡಿ ಸಾಕು. ಪಿಪಿಎಫ್ ಒಳ್ಳೆಯದೇ, ಆದರೆ 15 ವರ್ಷದ ಖಾತೆ. ರಾತ್ರಿ ಹನ್ನೊಂದಕ್ಕೆ ಅಪ್ಪನನ್ನು ಆಸ್ಪತ್ರೆಗೆ ಸೇರಿಸುವಾಗ ಅದು ಕೈಗೆ ಬರುವುದಿಲ್ಲ.

ಎರಡು ಪರ್ಸೆಂಟ್ ಜಾಸ್ತಿ ಬಡ್ಡಿ ಅಂತ ಯಾವುದೋ ಪತ್ತಿನ ಸೊಸೈಟಿಗೆ ಈ ಹಣ ಹಾಕಬೇಡಿ. ಬ್ಯಾಂಕುಗಳಲ್ಲಿ, ಸಹಕಾರಿ ಬ್ಯಾಂಕುಗಳಲ್ಲೂ, ಒಬ್ಬರ ಹೆಸರಿನ 5 ಲಕ್ಷದವರೆಗಿನ ಠೇವಣಿಗೆ ವಿಮೆ ಇದೆ. ಸೊಸೈಟಿಗಳ ಠೇವಣಿಗೆ ಆ ರಕ್ಷಣೆ ಇಲ್ಲ.

ಆರೋಗ್ಯ ವಿಮೆ ಇಲ್ಲದ ಮನೆಯಾದರೆ ಇಲ್ಲಿಂದಲೇ ಮೊದಲ ಪ್ರೀಮಿಯಂ ಕಟ್ಟಿ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆ, ಜೀವ ವಿಮೆಗಳ ಪ್ರೀಮಿಯಂ ಮೇಲಿನ ಜಿಎಸ್‌ಟಿ ತೆಗೆದಿದ್ದಾರೆ.

ಹಂತ 5: ಖರ್ಚೂ ಮಾಡಿ

ಉಳಿತಾಯ ಅಂದರೆ ಬಾಯಿ ಕಟ್ಟಿಕೊಂಡು ಕೂರುವುದಲ್ಲ. ಕೆಲವು ಖರ್ಚು ಉಳಿತಾಯಕ್ಕಿಂತ ಮೇಲು. ಸೋರುವ ತಾರಸಿ, ನೋಯುವ ಹಲ್ಲು, ಸವೆದ ಸ್ಕೂಟರ್ ಟಯರು. ಇವನ್ನು ಮುಂದಕ್ಕೆ ಹಾಕಿದಷ್ಟೂ ಬಿಲ್ಲು ದೊಡ್ಡದಾಗುತ್ತದೆ. ಮನೆಯಲ್ಲೇ ಬಟ್ಟೆ ಹೊಲಿಯುವವರಿಗೆ ಒಳ್ಳೆಯ ಹೊಲಿಗೆ ಯಂತ್ರ ಖರ್ಚಲ್ಲ, ದುಡಿಮೆ.

ಉಳಿದ ವಸ್ತುಗಳಿಗೆ ಒಂದೇ ಪ್ರಶ್ನೆ: ರಿಫಂಡ್ ಬರದಿದ್ದರೂ ಇದನ್ನು ಈ ವರ್ಷ ಕೊಳ್ತಿದ್ದೆವಾ? ಹೌದು ಅಂದರೆ ಕೊಳ್ಳಿ.

ನಾನು ಹೆದರುವುದು ಬೇರೆಯದಕ್ಕೆ. 20 ಸಾವಿರ ರಿಫಂಡ್ ಬರುತ್ತದೆ. ಅದನ್ನು ಮುಂಗಡ ಕಟ್ಟಿ 80 ಸಾವಿರದ ಫೋನನ್ನು ಕಂತಿನ ಮೇಲೆ ತರುತ್ತೇವೆ. ‘ನೋ ಕಾಸ್ಟ್ ಇಎಂಐ’ ಅಂತ ಬೋರ್ಡ್ ಇರುತ್ತದೆ. ಕೈಗೆ ಬಂದ 20 ಸಾವಿರ ತಲೆ ಮೇಲೆ 60 ಸಾವಿರದ ಸಾಲ ಹೊರಿಸಿ ಹೋಗುತ್ತದೆ. ಅಂಗಡಿಯವರು ನಗದು ಬೆಲೆಯಲ್ಲಿ ರಿಯಾಯಿತಿ ಕೊಡುತ್ತಾರಾ ಅಂತ ಒಮ್ಮೆ ಕೇಳಿ ನೋಡಿ. ಕೊಟ್ಟರೆ, ಆ ರಿಯಾಯಿತಿಯೇ ಕಂತಿನ ಬಡ್ಡಿ.

ಇನ್ನು ಹತ್ತರಲ್ಲಿ ಒಂದು ಪಾಲು ಮನಸ್ಸಿನ ಖುಷಿಗೆ ತೆಗೆದಿಡಿ, ಲೆಕ್ಕ ಕೇಳಬೇಡಿ. ನಾವು ಕಳೆದ ಸಲ ಆ ಪಾಲಿನಲ್ಲಿ ಅತ್ತೆಯನ್ನು ಹೊರನಾಡು, ಶೃಂಗೇರಿಗೆ ಕರೆದುಕೊಂಡು ಹೋಗಿ ಬಂದೆವು. ಹೊಸ ಕನ್ನಡಕ ಹಾಕಿಕೊಂಡು ತುಂಗೆಯ ಮೀನು ನೋಡುತ್ತಾ ಅರ್ಧ ಗಂಟೆ ಮೆಟ್ಟಿಲ ಮೇಲೇ ಕೂತಿದ್ದರು.

‘ಎಲ್ಲರೂ ಉಳಿಸಿದರೆ ಅಂಗಡಿ ನಡೆಯೋದು ಹೇಗೆ? ಸರ್ಕಾರ ಕೊಟ್ಟಿದ್ದೇ ಖರ್ಚು ಮಾಡಲಿ ಅಂತ ಅಲ್ವಾ?’ ಎಂದು ಕೇಳುವವರಿದ್ದಾರೆ. ಬಜೆಟ್ ಭಾಷಣದಲ್ಲಿ ಮನೆಗಳ ಖರ್ಚು, ಉಳಿತಾಯ, ಹೂಡಿಕೆ ಮೂರೂ ಹೆಚ್ಚಲಿ ಎಂದೇ ಹೇಳಿದ್ದರು. 2001ರಲ್ಲಿ ಅಮೆರಿಕದಲ್ಲಿ ಒಬ್ಬೊಬ್ಬರಿಗೆ 300 ಡಾಲರ್‌ವರೆಗೆ ತೆರಿಗೆ ರಿಬೇಟ್ ಚೆಕ್ ಕಳಿಸಿದರು. ಬಹುಪಾಲು ಖರ್ಚು ಮಾಡುತ್ತೇವೆ ಎಂದವರು ಸಮೀಕ್ಷೆಯಲ್ಲಿ ಶೇ 22 ಮಾತ್ರ. ಮಿಕ್ಕವರು ಸಾಲ ತೀರಿಸುವುದು, ಉಳಿಸುವುದು ಎಂದರು. ಮನೆ ನಡೆಸುವವರ ಬುದ್ಧಿ ಎಲ್ಲ ಕಡೆ ಒಂದೇ. ಸಾಲ ತೀರಿದ ಮನೆ ನಾಳೆ ನೆಮ್ಮದಿಯಾಗಿ ಖರ್ಚು ಮಾಡುತ್ತದೆ.

ಹಂತ 6: ಸಂಬಳದಲ್ಲಿ ಸೇರಿದ ರಿಬೇಟನ್ನು ಹಿಡಿಯಿರಿ

ನನಗೆ ನಿಜವಾದ ಚಿಂತೆ ಇರುವುದು ಇಲ್ಲಿ. ವರ್ಷಕ್ಕೆ 12.75 ಲಕ್ಷ ಸಂಬಳದವರನ್ನು ತಗೊಳ್ಳಿ. 2024–25ರಲ್ಲಿ ಹೊಸ ಪದ್ಧತಿಯಲ್ಲಿ ಅವರ ತೆರಿಗೆ ಸೆಸ್ ಸೇರಿ 83,200 ರೂಪಾಯಿ. 2025–26ರಲ್ಲಿ ಸೊನ್ನೆ. ತಿಂಗಳಿಗೆ 6,933 ರೂಪಾಯಿ ಕೈಗೆ ಜಾಸ್ತಿ. ಇದಕ್ಕೆ ಮೆಸೇಜು ಬರಲ್ಲ, ಮನೆಯಲ್ಲಿ ಸಭೆ ಸೇರಲ್ಲ. ಮನೆಗೆ ತರಿಸಿದ ಊಟ, ಎರಡು ಹೊಸ ಚಂದಾ, ಆಟೊ ಬದಲು ಕ್ಯಾಬು. ಆರು ತಿಂಗಳಲ್ಲಿ ಆ ಹಣ ಇತ್ತು ಎಂಬುದೇ ಮರೆತುಹೋಗುತ್ತದೆ.

ಇನ್ನೊಂದು ಸಂಗತಿ ಇದೆ. ಹಳೆಯ ಪದ್ಧತಿಯಲ್ಲಿ ಉಳಿತಾಯಕ್ಕೆ ಸಿಗುವ 80ಸಿ ವಿನಾಯಿತಿ ಇತ್ತು. ತೆರಿಗೆ ಉಳಿಸಬೇಕು ಅನ್ನೋ ಭಯಕ್ಕೆ ಜನವರಿ ಬಂತೆಂದರೆ ಎಲ್‌ಐಸಿ, ಪಿಪಿಎಫ್, ಅಂಚೆ ಕಚೇರಿ ಅಂತ ಒಂದೂವರೆ ಲಕ್ಷದವರೆಗೆ ಕಟ್ಟುತ್ತಿದ್ದೆವು. ನಮ್ಮ ಅಪ್ಪ–ಅಮ್ಮನ ಕಾಲದ ಎಷ್ಟೋ ಮದುವೆ, ಸೈಟು ಆ ಒತ್ತಾಯದ ಉಳಿತಾಯದಿಂದಲೇ ಆದವು. ಹೊಸ ಪದ್ಧತಿಯಲ್ಲಿ ಆ ವಿನಾಯಿತಿ ಇಲ್ಲ. ಒತ್ತಾಯವೂ ಇಲ್ಲ. ಈಗ ನಮಗೆ ನಾವೇ ಒತ್ತಾಯ ಮಾಡಿಕೊಳ್ಳಬೇಕು.

ಮಾಡುವುದು ಸುಲಭ. 2024–25ರ ಮತ್ತು ಈ ವರ್ಷದ ಸಂಬಳ ಚೀಟಿ ಪಕ್ಕಪಕ್ಕ ಇಟ್ಟುಕೊಳ್ಳಿ. ತೆರಿಗೆ ಕಡಿತದ ಸಾಲಿನಲ್ಲಿ ಎಷ್ಟು ವ್ಯತ್ಯಾಸವಿದೆ ನೋಡಿ. ಅದರ ಮುಕ್ಕಾಲು ಪಾಲು ಸಂಬಳ ಬಂದ ಮರುದಿನವೇ ಆರ್‌ಡಿಗೋ ಮ್ಯೂಚುವಲ್ ಫಂಡಿನ ಎಸ್‌ಐಪಿಗೋ ತಾನೇ ಹೋಗುವಂತೆ ಬ್ಯಾಂಕಿಗೆ ಸೂಚನೆ ಕೊಡಿ. ತಿಂಗಳಿಗೆ 5,000ದಂತೆ ಅಂಚೆ ಕಚೇರಿಯ 5 ವರ್ಷದ ಆರ್‌ಡಿಗೆ ಶೇ 6.7ರ ದರದಲ್ಲಿ ಕಟ್ಟಿದರೆ ಕೊನೆಗೆ ಸಿಗುವುದು ಸುಮಾರು 3 ಲಕ್ಷ 56 ಸಾವಿರ. ಮಕ್ಕಳ ಕಾಲೇಜು ಶುಲ್ಕದ ಮೊದಲ ಕಂತಿಗೆ ಆಯಿತು.

ಹಂತ 7: ಮುಂದಿನ ವರ್ಷ ರಿಫಂಡ್ ಕಡಿಮೆ ಬರಲಿ

ಪ್ರತಿ ವರ್ಷ ದೊಡ್ಡ ರಿಫಂಡ್ ಬರುತ್ತಿದ್ದರೆ ಖುಷಿಪಡಬೇಡಿ. ನಿಮ್ಮ ಹಣ ತಿಂಗಳುಗಟ್ಟಲೆ ಬೇರೆ ಕಡೆ ಕೂತಿತ್ತು ಎಂದರ್ಥ. ಕಂಪನಿಗೆ ಯಾವ ಪದ್ಧತಿ ಅಂತ ಏಪ್ರಿಲ್‌ನಲ್ಲೇ ತಿಳಿಸಿ. ಹಳೆಯ ಪದ್ಧತಿಯಲ್ಲಿದ್ದರೆ ಬಾಡಿಗೆ, ವಿಮೆ ರಸೀದಿಗಳನ್ನು ಕೇಳಿದ ದಿನಾಂಕದೊಳಗೆ ಕೊಡಿ. ಮನೆಯ ಹಿರಿಯರಿಗೆ ತೆರಿಗೆಯೇ ಬಾರದಿದ್ದರೂ ಎಫ್‌ಡಿ ಬಡ್ಡಿಯಲ್ಲಿ ಕಡಿತ ಆಗುತ್ತಿದ್ದರೆ, ಕಡಿತ ಬೇಡವೆಂಬ ಘೋಷಣೆ ಪತ್ರವನ್ನು ಹಣಕಾಸು ವರ್ಷದ ಶುರುವಿನಲ್ಲೇ ಬ್ಯಾಂಕಿಗೆ ಕೊಟ್ಟುಬಿಡಿ. ಎರಡು ಬ್ಯಾಂಕಿನಲ್ಲಿ ಠೇವಣಿ ಇದ್ದರೆ ಎರಡಕ್ಕೂ ಕೊಡಬೇಕು. ಪ್ರತಿ ವರ್ಷ ಹೊಸದಾಗಿ ಕೊಡಬೇಕು. ನಮ್ಮ ಅತ್ತೆಯದನ್ನು ನಾವು ಈಗ ಯುಗಾದಿಗೆ ಮಾವಿನೆಲೆ ತರುವ ದಿನವೇ ತುಂಬಿಸಿ ಸಹಿ ಹಾಕಿಸುತ್ತೇವೆ.