ಇ20 ಪೆಟ್ರೋಲ್ ಮತ್ತು ಸ್ವಂತವಾಗಿ ಕಟ್ಟಿದ ವಿಮಾನ: ಇಂಧನ ವ್ಯವಸ್ಥೆಯನ್ನು ಸಜ್ಜುಗೊಳಿಸುವ ಬಗೆ

ಮಂಡ್ಯದಿಂದ ಮೈಸೂರಿನವರೆಗಿನ ಹೆದ್ದಾರಿಯ ಬಂಕ್‌ಗಳಲ್ಲಿ ಸಾಮಾನ್ಯ ಪೆಟ್ರೋಲ್ ಎಂದು ಇಂದು ಸಿಗುವುದು ಇ20, ಅಂದರೆ ನೂರು ಲೀಟರಿನಲ್ಲಿ ಇಪ್ಪತ್ತು ಲೀಟರಿನವರೆಗೆ ಎಥೆನಾಲ್ (ಕಬ್ಬಿನಿಂದಲೂ ತಯಾರಾಗುವ ಮದ್ಯಸಾರ) ಬೆರೆತ ಇಂಧನ. 2022ರಲ್ಲಿ ದೇಶದ ಸರಾಸರಿ ಬೆರಕೆ ಶೇ 10ನ್ನು ಮುಟ್ಟಿತು. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಇ20ಕ್ಕೆ ಚಾಲನೆ ದೊರೆಯಿತು. 2025ರ ಹೊತ್ತಿಗೆ ಅದು ಬಹುತೇಕ ಎಲ್ಲೆಡೆ ಹರಡಿತು. ಕಬ್ಬು ಬೆಳೆಯುವ ಜಿಲ್ಲೆಗೆ ಇದು ಒಳ್ಳೆಯ ಸುದ್ದಿಯೇ. ಆದರೆ ಶೆಡ್ಡಿನಲ್ಲಿ ಸಣ್ಣ ವಿಮಾನ ಕಟ್ಟುತ್ತಿರುವವರು ಕ್ಯಾನು ಹಿಡಿದು ಬಂಕಿಗೆ ಹೋಗುವ ಮೊದಲು, ತಮ್ಮ ಎಂಜಿನ್ ಎಷ್ಟು ಎಥೆನಾಲನ್ನು ಒಪ್ಪುತ್ತದೆ ಎಂಬುದನ್ನು ಕಾಗದದ ಮೇಲೆ ನೋಡಿಕೊಳ್ಳಬೇಕು.

ಹಗುರ ವಿಮಾನಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವ ರೋಟ್ಯಾಕ್ಸ್ 912 ಎಂಜಿನ್ ಸರಣಿಗೆ ತಯಾರಕರು ಅನುಮತಿಸಿರುವುದು ಶೇ 10ರವರೆಗೆ ಮಾತ್ರ. ಅದರ 100 ಅಶ್ವಶಕ್ತಿಯ ಮಾದರಿಗೆ ಕನಿಷ್ಠ 95 ಆಕ್ಟೇನ್ (ಇಂಧನ ಅಕಾಲದಲ್ಲಿ ಸಿಡಿಯದೆ ತಾಳುವ ಗುಣದ ಅಳತೆ) ಕೂಡ ಬೇಕು. ವಿಮಾನದ ಎಂಜಿನ್ ತಯಾರಿಸುವ ಇನ್ನೊಂದು ಕಂಪನಿ ಲೈಕಮಿಂಗ್ ತನ್ನ ಎಂಜಿನ್‌ಗಳಿಗೆ ಎಥೆನಾಲನ್ನು ಒಪ್ಪಿಯೇ ಇಲ್ಲ. ಅಮೆರಿಕದಲ್ಲಿ 1982ರಿಂದ ಹಳೆಯ ವಿಮಾನಗಳಿಗೆ ಮೋಟಾರು ಪೆಟ್ರೋಲ್ ಬಳಸಲು ಕೊಡುತ್ತ ಬಂದಿರುವ ಅನುಮತಿಗಳೂ ಎಥೆನಾಲ್ ಬೆರೆತ ಪೆಟ್ರೋಲನ್ನು ಹೊರಗಿಟ್ಟಿವೆ. ಆದ್ದರಿಂದ ಬಂಕಿನ ಇ20ನ್ನು ನೇರವಾಗಿ ಟ್ಯಾಂಕಿಗೆ ಸುರಿಯುವುದು ಈ ಎಂಜಿನ್‌ಗಳಿಗೆ ಹಾಕಿದ ಮಿತಿಯನ್ನು ಮೀರಿದ ಬಳಕೆ. ವಿಮಾನದ ನಿರ್ಮಾಪಕರು ನೀವೇ ಆಗಿರಬಹುದು, ಆದರೆ ಎಂಜಿನ್ನಿನ ಮಿತಿಯನ್ನು ತಿದ್ದುವ ಅಧಿಕಾರ ಅದರಿಂದ ಬರುವುದಿಲ್ಲ. ನಾಗರಿಕ ವಿಮಾನಯಾನದ ನಿಯಂತ್ರಕ ಸಂಸ್ಥೆಯಾದ ಡಿಜಿಸಿಎಗೆ ಸಲ್ಲಿಸುವ ದಾಖಲೆಗಳಲ್ಲಿ ಯಾವ ಇಂಧನ ನಮೂದಾಗುತ್ತದೆಯೋ ಹಾರಾಟಕ್ಕೂ ಅದನ್ನೇ ಬಳಸಬೇಕು.

ಬಂಕಿನ ಫಲಕವನ್ನು ನಂಬುವ ಬದಲು ಪ್ರತಿ ಸಲ ಪರೀಕ್ಷೆ ಮಾಡಿಕೊಳ್ಳುವುದು ಲೇಸು. ಪ್ರಯೋಗಾಲಯದ ಗಾಜಿನ ಸಾಮಾನು ಮಾರುವ ಅಂಗಡಿಯಿಂದ ಮುಚ್ಚಳವಿರುವ, ನೂರು ಮಿಲಿಲೀಟರಿಗೂ ಮೀರಿದ ಅಳತೆ ಗೆರೆಗಳ ಗಾಜಿನ ಕೊಳವೆಯೊಂದನ್ನು ತನ್ನಿ. ಅದಕ್ಕೆ ಹತ್ತು ಮಿಲಿಲೀಟರ್ ನೀರು ಹಾಕಿ, ನೀರಿನ ಮೇಲಂಚಿಗೆ ಗುರುತು ಮಾಡಿ, ಅದರ ಮೇಲೆ ನೂರು ಮಿಲಿಲೀಟರ್ ಪೆಟ್ರೋಲ್ ಸುರಿಯಿರಿ. ಮುಚ್ಚಿ, ಚೆನ್ನಾಗಿ ಕುಲುಕಿ, ಒಳಗಿನ ಆವಿಯನ್ನು ಮೆಲ್ಲಗೆ ಬಿಟ್ಟು, ಹತ್ತು ನಿಮಿಷ ನಿಲ್ಲಿಸಿ. ಎಥೆನಾಲ್ ಪೆಟ್ರೋಲನ್ನು ಬಿಟ್ಟು ನೀರಿನ ಕಡೆಗೆ ಹೋಗುವುದರಿಂದ ತಳದ ಪದರ ದಪ್ಪವಾಗುತ್ತದೆ. ಗೆರೆ ಇದ್ದಲ್ಲೇ ಇದ್ದರೆ ಎಥೆನಾಲ್ ಇಲ್ಲ. ಇಪ್ಪತ್ತೇಳು, ಇಪ್ಪತ್ತೆಂಟರ ಆಸುಪಾಸಿಗೆ ಏರಿದರೆ ಅದು ಇ20. ಒಂದಿಷ್ಟು ಎಥೆನಾಲ್ ಮೇಲೆಯೇ ಉಳಿಯುವುದರಿಂದ ಈ ಅಳತೆ ನಿಜಕ್ಕಿಂತ ತುಸು ಕಡಿಮೆ ತೋರಿಸುತ್ತದೆ. ಮಿತಿಯ ಅಂಚಿನಲ್ಲಿ ತೀರ್ಮಾನ ಮಾಡುವಾಗ ಇದನ್ನು ಮರೆಯಬಾರದು. ಹೆಚ್ಚು ಬೆಲೆಯ, ಹೆಚ್ಚು ಆಕ್ಟೇನಿನ ಪೆಟ್ರೋಲನ್ನೂ ಇದೇ ಪರೀಕ್ಷೆಗೆ ಒಡ್ಡಿ. ಬೆಲೆ ಹೆಚ್ಚಿದೆ ಎಂದ ಮಾತ್ರಕ್ಕೆ ಅದರಲ್ಲಿ ಎಥೆನಾಲ್ ಇಲ್ಲ ಎಂದಾಗುವುದಿಲ್ಲ.

ಇದೇ ತತ್ವವನ್ನು ಹಿಡಿದು ಡ್ರಮ್ಮಿನಲ್ಲಿ ನೀರು ಬೆರೆಸಿ ಎಥೆನಾಲನ್ನು ತೊಳೆದು ತೆಗೆಯಬಹುದಲ್ಲ ಎಂದು ಕೆಲವರು ವಾದಿಸುತ್ತಾರೆ. ಅದು ಅಪಾಯದ ಕೆಲಸ. ಇ20ಯ ಆಕ್ಟೇನಿನಲ್ಲಿ ಒಂದು ಪಾಲು ಎಥೆನಾಲಿನದೇ ಆದ್ದರಿಂದ, ತೊಳೆದ ಪೆಟ್ರೋಲ್ ಟೇಕಾಫಿನ ಪೂರ್ಣ ಶಕ್ತಿಯಲ್ಲಿ ಎಂಜಿನ್ನನ್ನು ನಾಕ್ ಮಾಡಿಸಬಹುದು, ಅಂದರೆ ಸಿಲಿಂಡರಿನೊಳಗೆ ಅಕಾಲದಲ್ಲಿ ಸಿಡಿಯಬಹುದು. ಅದರಲ್ಲಿ ಉಳಿದ ನೀರಿನ ಚಿಂತೆ ಬೇರೆ. ನನ್ನ ಮಟ್ಟಿಗೆ ಮೊದಲ ಆಯ್ಕೆ ವಿಮಾನದ ಪೆಟ್ರೋಲಾದ ಅವ್‌ಗ್ಯಾಸ್ 100ಎಲ್‌ಎಲ್. ಇಂಡಿಯನ್ ಆಯಿಲ್ 2022ರಿಂದ ಇದನ್ನು ದೇಶದಲ್ಲೇ ತಯಾರಿಸುತ್ತಿದೆ. ಎರಡನೆಯದು, ಎಂಜಿನ್ನಿನ ಕೈಪಿಡಿ ಶೇ 10ರ ಎಥೆನಾಲ್ ಮತ್ತು ಅವ್‌ಗ್ಯಾಸ್ ಎರಡನ್ನೂ ಒಪ್ಪುವುದಾದರೆ, ಇ20 ಮತ್ತು ಅವ್‌ಗ್ಯಾಸನ್ನು ಸಮಪಾಲಿನಲ್ಲಿ ಬೆರೆಸಿ ಎಥೆನಾಲನ್ನು ಶೇ 10ಕ್ಕೆ ಇಳಿಸುವುದು. ಬೆರಕೆಯನ್ನು ಟ್ಯಾಂಕಿನಲ್ಲಿ ಅಂದಾಜಿನಿಂದ ಮಾಡದೆ, ಅಳತೆಯ ಕ್ಯಾನಿನಲ್ಲಿ ಮಾಡಿ, ಮೇಲಿನ ಪರೀಕ್ಷೆಯಿಂದ ಖಚಿತಪಡಿಸಿಕೊಂಡು, ಆಮೇಲೆ ತುಂಬಬೇಕು. ಅವ್‌ಗ್ಯಾಸಿನಲ್ಲಿ ಸೀಸವಿರುವುದರಿಂದ ಎಂಜಿನ್ ಆಯಿಲ್ ಬದಲಿಸುವ ಅವಧಿಯೂ ಕೈಪಿಡಿ ಹೇಳುವಂತೆ ಕಡಿಮೆಯಾಗುತ್ತದೆ.

ಎಂಜಿನ್ ಶೇ 10ನ್ನು ಒಪ್ಪಿದರೂ ಟ್ಯಾಂಕು, ಕೊಳವೆ, ಸೀಲುಗಳು ಒಪ್ಪಬೇಕೆಂದಿಲ್ಲ, ಮತ್ತು ಸ್ವಂತವಾಗಿ ಕಟ್ಟಿದ ವಿಮಾನಗಳಲ್ಲಿ ತೊಂದರೆ ಹೆಚ್ಚಾಗಿ ಹುಟ್ಟುವುದು ಇಲ್ಲಿಯೇ. ಫೈಬರ್‌ಗ್ಲಾಸ್ ಟ್ಯಾಂಕಿನಲ್ಲಿ ಕೆಲವು ಎಪಾಕ್ಸಿ ರಾಳಗಳು ಎಥೆನಾಲಿಗೆ ಮೆತ್ತಗಾಗುತ್ತವೆ. ವಿನೈಲ್ ಎಸ್ಟರ್ ರಾಳ ಸಾಮಾನ್ಯವಾಗಿ ಹೆಚ್ಚು ತಾಳಿಕೊಳ್ಳುತ್ತದೆ. ಹಳೆಯ ಅಲ್ಯೂಮಿನಿಯಂ ಟ್ಯಾಂಕುಗಳಲ್ಲಿ ಸೋರಿಕೆ ತಡೆಯಲು ಒಳಗೆ ಸುರಿದು ಹರಡಿಸುತ್ತಿದ್ದ ಲೇಪಗಳಲ್ಲಿ ಕೆಲವು ಎಥೆನಾಲ್ ತಾಗಿದರೆ ಹಾಲಿನ ಕೆನೆಯಂತೆ ಪದರ ಪದರವಾಗಿ ಎದ್ದು, ಟ್ಯಾಂಕಿನ ಹೊರದಾರಿಯ ಜಾಲರಿಯನ್ನು ಮುಚ್ಚಿಬಿಡುತ್ತವೆ. ಅಂಥ ಲೇಪವಿರುವ ಟ್ಯಾಂಕಿಗೆ ಎಥೆನಾಲ್ ಹಾಕಲೇಬಾರದು. ಸಹಜ ರಬ್ಬರ್, ಕಾರ್ಕ್ ಗ್ಯಾಸ್ಕೆಟ್ ಮತ್ತು ಪಾರದರ್ಶಕ ಪಾಲಿಯುರಿಥೇನ್ ನಳಿಕೆಗಳನ್ನು ತೆಗೆದುಹಾಕಿ, ಓ-ರಿಂಗುಗಳಿಗೆ (ಬಳೆಯಾಕಾರದ ಸೀಲುಗಳು) ವೈಟಾನ್ ರಬ್ಬರ್, ಕೊಳವೆಗಳಿಗೆ ಟೆಫ್ಲಾನ್ ಒಳಪದರದವನ್ನು ಬಳಸಿರಿ.

ನಿಮ್ಮ ವಸ್ತು ಯಾವುದೆಂದು ಅನುಮಾನವಿದ್ದರೆ ಮಾರಾಟಗಾರರ ಮಾತಿಗಿಂತ ಗಾಜಿನ ಬಾಟಲಿಯ ಸಾಕ್ಷ್ಯ ಮೇಲು. ಟ್ಯಾಂಕ್ ಕಟ್ಟುವಾಗ ಉಳಿದ ಫೈಬರ್‌ಗ್ಲಾಸ್ ಲ್ಯಾಮಿನೇಟಿನ ತುಣುಕು, ಅದರ ಮೇಲೆ ಬಳಿದು ಒಣಗಿಸಿದ ಸೀಲಂಟ್, ಒಂದಂಗುಲ ಕೊಳವೆ ಮತ್ತು ಒಂದು ಓ-ರಿಂಗನ್ನು ತೂಕ, ದಪ್ಪ ಬರೆದಿಟ್ಟುಕೊಂಡು ಇ20ಯಲ್ಲಿ ಮುಳುಗಿಸಿ, ಮನೆಯಿಂದ ದೂರದ ನೆರಳಿನಲ್ಲಿ ಒಂದೆರಡು ತಿಂಗಳು ಇಡಿ. ಉಗುರು ಒತ್ತಿದರೆ ಗುರುತು ಬೀಳುವ ಲ್ಯಾಮಿನೇಟ್, ಊದಿಕೊಂಡ ರಿಂಗ್, ಬಾಟಲಿಯ ತಳದಲ್ಲಿ ಕೂತ ಪುಡಿ, ಇವುಗಳಲ್ಲಿ ಯಾವುದು ಕಂಡರೂ ಆ ವಸ್ತುವನ್ನು ಕೈಬಿಡಿ.

ರೋಟ್ಯಾಕ್ಸ್ ಎಂಜಿನ್ನಿನ ಬಿಂಗ್ ಕಾರ್ಬುರೇಟರಿನ ಫ್ಲೋಟುಗಳು (ಇಂಧನದ ಮಟ್ಟ ಕಾಯುವ ತೇಲುಬುರುಡೆಗಳು) ಪೆಟ್ರೋಲ್ ಹೀರಿ ಭಾರವಾಗುವುದು ಎಥೆನಾಲ್ ಇಲ್ಲದಿದ್ದರೂ ಇರುವ ಕಾಯಿಲೆ, ಆದರೂ ಇಂಧನ ಬದಲಿಸಿದಾಗ ಅವನ್ನು ತೂಗಿ ನೋಡಲೇಬೇಕು. ಒಂದು ಕಾರ್ಬುರೇಟರಿನ ಎರಡೂ ಫ್ಲೋಟುಗಳ ಒಟ್ಟು ತೂಕ 7 ಗ್ರಾಂ ಮೀರಬಾರದೆಂಬುದು ರೋಟ್ಯಾಕ್ಸಿನ ಮಿತಿ. ಅಡುಗೆಮನೆಯ ತಕ್ಕಡಿ ಇದಕ್ಕೆ ಸಾಲದು. ಚಿನ್ನದಂಗಡಿಯವರು ಬಳಸುವಂಥ ತಕ್ಕಡಿ ಬೇಕು. ಹಾಗೆಯೇ ಟ್ಯಾಂಕಿನ ಮಟ್ಟ ತೋರಿಸುವ ಗೇಜು ಕೆಪ್ಯಾಸಿಟೆನ್ಸ್ ಮಾದರಿಯದಾಗಿದ್ದರೆ, ಅಂದರೆ ಇಂಧನದ ವಿದ್ಯುತ್ ಗುಣದಿಂದ ಮಟ್ಟ ಅಳೆಯುವುದಾಗಿದ್ದರೆ, ಹೊಸ ಬೆರಕೆಗೆ ಅದನ್ನು ಮತ್ತೆ ಹೊಂದಿಸಬೇಕು. ಆ ಗುಣವನ್ನು ಸೂಚಿಸುವ ಡೈಎಲೆಕ್ಟ್ರಿಕ್ ಸ್ಥಿರಾಂಕ ಪೆಟ್ರೋಲಿಗೆ ಸುಮಾರು 2, ಎಥೆನಾಲಿನದು ಸುಮಾರು 24. ಹೊಂದಿಸದಿದ್ದರೆ ಗೇಜು ಇಲ್ಲದ ಇಂಧನವನ್ನು ಇದೆಯೆಂದು ತೋರಿಸುತ್ತದೆ.

ಮಾರ್ಚ್, ಏಪ್ರಿಲ್ ತಿಂಗಳ ಮಧ್ಯಾಹ್ನಗಳಲ್ಲಿ ಎದುರಾಗುವ ತೊಡಕು ಕೊಳವೆಯಲ್ಲಿ ಪೆಟ್ರೋಲ್ ಆವಿಯಾಗಿ ಹರಿವು ಕಡಿಯುವುದು. ಎಥೆನಾಲ್ ತಾನಾಗಿ 78 ಡಿಗ್ರಿಯಲ್ಲಿ ಕುದಿಯುವ ದ್ರವವಾದರೂ, ಪೆಟ್ರೋಲಿನ ಜೊತೆ ಸೇರಿದಾಗ ಬೆರಕೆಯ ಆವಿಯ ಒತ್ತಡವನ್ನು ಏರಿಸುತ್ತದೆ; ಈ ಏರಿಕೆ ಅತಿ ಹೆಚ್ಚಾಗಿರುವುದು ಶೇ 5ರಿಂದ 10ರ ನಡುವೆ. ಅಂದರೆ ಇ20ನ್ನು ಇ10ಕ್ಕೆ ಇಳಿಸಿದ ಮಾತ್ರಕ್ಕೆ ಈ ತೊಂದರೆ ಅರ್ಧವಾಗುವುದಿಲ್ಲ. ಅವ್‌ಗ್ಯಾಸಿನ ಸ್ವಂತ ಆವಿ ಒತ್ತಡ ಕಡಿಮೆ, 38ರಿಂದ 49 ಕಿಲೋಪಾಸ್ಕಲ್, ಇರುವುದೇ ಸಮಪಾಲಿನ ಬೆರಕೆಗೆ ಇರುವ ಆಸರೆ. ಮೈಸೂರಿನ ನೆಲವೇ ಸಮುದ್ರಮಟ್ಟದಿಂದ 700 ಮೀಟರಿಗೂ ಮೇಲಿದ್ದು ಗಾಳಿಯ ಒತ್ತಡ ಕಡಿಮೆಯಿರುವುದರಿಂದ, ಇಲ್ಲಿ ಪೆಟ್ರೋಲ್ ಇನ್ನಷ್ಟು ಬೇಗ ಆವಿಯಾಗುತ್ತದೆ. ಆದ್ದರಿಂದ ವಿದ್ಯುತ್ ಪಂಪನ್ನು ಎಂಜಿನ್ನಿನ ಬಳಿ ಇಡದೆ ಟ್ಯಾಂಕಿಗೆ ಹತ್ತಿರ, ಆದಷ್ಟು ಕೆಳಗೆ ಕೂರಿಸಿ. ಎಂಜಿನ್ ಕೋಣೆಯ ಕೊಳವೆಗಳನ್ನು ಎಕ್ಸಾಸ್ಟಿನಿಂದ ದೂರ ಒಯ್ದು ಬೆಂಕಿ ತಡೆಯುವ ಹೊದಿಕೆ ಹಾಕಿ. ಚೂಪಾದ ತಿರುವುಗಳನ್ನು ಬಿಡಿಸಿ. ಆವಿ ಟ್ಯಾಂಕಿಗೆ ಮರಳಲು ಹಿಂದಿರುಗುವ ಕೊಳವೆ ಕೊಡಿ.

ಎಥೆನಾಲಿನಲ್ಲಿ ಆಮ್ಲಜನಕ ಇರುವುದರಿಂದ ಅದಕ್ಕೆ ಬೇಕಾದ ಗಾಳಿ ಕಡಿಮೆ. ಪೆಟ್ರೋಲಿನ ಪ್ರತಿ ಕಿಲೋಗೆ ಸುಮಾರು 14.7 ಕಿಲೋ ಗಾಳಿ ಬೇಕಾದರೆ ಎಥೆನಾಲಿಗೆ 9 ಸಾಕು, ಇ20ಗೆ ಸುಮಾರು 13.5. ಶುದ್ಧ ಪೆಟ್ರೋಲಿಗೆ ಹೊಂದಿಸಿದ ಕಾರ್ಬುರೇಟರ್ ಈ ಬೆರಕೆಯಲ್ಲಿ ತೆಳು ಮಿಶ್ರಣ (ಗಾಳಿ ಹೆಚ್ಚು, ಇಂಧನ ಕಡಿಮೆ) ಕೊಡುತ್ತದೆ. ಎಕ್ಸಾಸ್ಟ್ ಮತ್ತು ಸಿಲಿಂಡರ್ ಹೆಡ್ ತಾಪಮಾಪಕಗಳಿಲ್ಲದೆ ಇದು ಗೊತ್ತಾಗುವುದಿಲ್ಲ. ಲೀಟರಿನ ಶಕ್ತಿಯೂ ಇ20ಯಲ್ಲಿ ಶೇ 6ರಿಂದ 7ರಷ್ಟು, ಇ10ರಲ್ಲಿ ಅದರ ಅರ್ಧದಷ್ಟು ಕಡಿಮೆ. ಹಾರಾಟದ ಅವಧಿ ಲೆಕ್ಕಹಾಕುವಾಗ ಅಷ್ಟನ್ನು ಕಳೆಯಿರಿ. ಎಥೆನಾಲ್ ಆವಿಯಾಗುವಾಗ ಹೆಚ್ಚು ಶಾಖ ಹೀರುವುದರಿಂದ ಮಳೆಗಾಲದ ತೇವದ ಹವೆಯಲ್ಲಿ ಕಾರ್ಬುರೇಟರಿನೊಳಗೆ ಮಂಜುಗಡ್ಡೆ ಕಟ್ಟುವ ಸಾಧ್ಯತೆಯೂ ಹೆಚ್ಚು.

ಹೊಸ ಇಂಧನ ತುಂಬಿದ ಮೇಲೆ ಹಾರುವ ಮೊದಲು ನೆಲದಲ್ಲೇ ಹರಿವು ಅಳೆಯಿರಿ. ವಿಮಾನದ ಮೂಗನ್ನು ಏರುವ ಭಂಗಿಯಲ್ಲಿ ಎತ್ತಿ ನಿಲ್ಲಿಸಿ, ಕಾರ್ಬುರೇಟರಿನ ಬಳಿ ಕೊಳವೆ ಬಿಚ್ಚಿ, ಕಿಡಿ ಹಾರದಂತೆ ಅರ್ತಿಂಗ್ ತಂತಿ ಜೋಡಿಸಿ, ಗಡಿಯಾರ ಹಿಡಿದು ಕ್ಯಾನಿಗೆ ಬಿಡಿ. ಪಂಪಿನ ವ್ಯವಸ್ಥೆಯಾದರೆ ಟೇಕಾಫಿಗೆ ಬೇಕಾದುದರ ಶೇ 125, ಗುರುತ್ವದಿಂದ ಇಳಿಯುವುದಾದರೆ ಶೇ 150 ಬರಬೇಕು. ಗಂಟೆಗೆ 27 ಲೀಟರ್ ಕುಡಿಯುವ ಎಂಜಿನ್ನಿಗೆ ಪಂಪಿನಿಂದ ಗಂಟೆಗೆ ಸುಮಾರು 34 ಲೀಟರ್. ಎಥೆನಾಲ್ ಹಳೆಯ ಅಂಟು, ಕೆಸರನ್ನು ಕರಗಿಸಿ ತರುವುದರಿಂದ ಮೊದಲ ಕೆಲವು ಗಂಟೆಗಳ ಓಟದ ನಂತರ ಫಿಲ್ಟರ್ ಬಿಚ್ಚಿ ನೋಡುವುದು ಕಡ್ಡಾಯ.

ವಿಮಾನ ವಾರಗಟ್ಟಲೆ ನಿಲ್ಲುವುದಿದ್ದರೆ ಟ್ಯಾಂಕಿನಲ್ಲಿ ಎಥೆನಾಲ್ ಇರಿಸಬೇಡಿ. ಅರ್ಧ ಖಾಲಿಯಾದ ಟ್ಯಾಂಕು ಹಗಲು ರಾತ್ರಿಯ ತಾಪಭೇದದಿಂದ ತೇವದ ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ, ಎಥೆನಾಲ್ ಆ ನೀರನ್ನು ಕರಗಿಸಿಟ್ಟುಕೊಳ್ಳುತ್ತದೆ, ಮಿತಿ ಮೀರಿದಾಗ ಅಥವಾ ಮೇಲೆ ಹೋಗಿ ತಣ್ಣಗಾದಾಗ ನೀರು ಮತ್ತು ಎಥೆನಾಲ್ ಒಟ್ಟಾಗಿ ತಳಕ್ಕಿಳಿಯುತ್ತವೆ. ಕರಗಿರುವ ನೀರು ಡ್ರೈನಿನಲ್ಲಿ ಹನಿಯಾಗಿ ಕಾಣುವುದಿಲ್ಲ; ಹಿಡಿದ ಮಾದರಿ ಮಂಜುಮಂಜಾಗಿದ್ದರೆ ಆ ದಿನ ಹಾರಾಟ ಬೇಡ. ಬಸಿದು ತೆಗೆದ ಪೆಟ್ರೋಲ್ ಬರಿಯ ಇ20 ಆಗಿದ್ದು ತಿಳಿಯಾಗಿದ್ದರೆ ಅದನ್ನು ಒಪ್ಪುವ ಸ್ಕೂಟರಿಗೆ ಹಾಕಬಹುದು. ಅವ್‌ಗ್ಯಾಸ್ ಬೆರೆತದ್ದನ್ನು ಮಾತ್ರ ಬಿಎಸ್6 ವಾಹನಕ್ಕೆ ಹಾಕಬಾರದು, ಅದರ ಸೀಸವು ಹೊಗೆಯನ್ನು ಶುದ್ಧಿಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನು ಕೆಡಿಸುತ್ತದೆ.