ವಿರಾಜಪೇಟೆಯಿಂದ ಎಲ್‌ಎಲ್‌ಎಂಗೆ ಹೊರಟಾಗ ರ್‍ಯಾಂಕಿಂಗ್ ಎಷ್ಟು ನೋಡ್ದೆ

2018ರ ಆಗಸ್ಟಲ್ಲಿ ಮಡಿಕೇರಿ ಸುತ್ತಮುತ್ತ ಗುಡ್ಡ ಜರಿದಾಗ ನಾನಿನ್ನೂ ಲಾ ಓದ್ತಿದ್ದೆ. ಆಮೇಲೆ ವಿರಾಜಪೇಟೆ ಕೋರ್ಟಲ್ಲಿ ಜೂನಿಯರ್ ಆಗಿ ಸೇರ್ಕೊಂಡ್ಮೇಲೆ ಬಾಣೆ ಜಾಗದ (ಗದ್ದೆಗೆ ಸೇರಿದ ಗುಡ್ಡದ ಜಾಗ) ಕೇಸು, ಮರ ಕಡಿದ ಕೇಸು, ದೇವರಕಾಡು (ದೇವರ ಹೆಸರಲ್ಲಿ ಕಾಯ್ದಿಟ್ಟ ಕಾಡು) ಒತ್ತುವರಿ ಕೇಸು ಇವೇ ಕೈಗೆ ಬರ್ತಿದ್ವು, ಹಂಗಾಗಿ ಹೊರದೇಶಕ್ಕೆ ಹೋಗಿ ಪರಿಸರ ಕಾನೂನಲ್ಲೇ ಎಲ್‌ಎಲ್‌ಎಂ (ಕಾನೂನಿನ ಸ್ನಾತಕೋತ್ತರ ಡಿಗ್ರಿ) ಮಾಡ್ಬೇಕು ಅಂತ ಮನಸ್ಸಲ್ಲಿ ಕೂತ್ಬಿಡ್ತು.

2022ರ ಅಕ್ಟೋಬರಲ್ಲಿ ಜಗತ್ತಿನ ಯೂನಿವರ್ಸಿಟಿಗಳಿಗೆ ರ್‍ಯಾಂಕ್ ಕೊಡೋ ಕ್ಯೂಎಸ್ ಸಂಸ್ಥೆಯ ಲಾ ಲಿಸ್ಟ್ ತೆಗೆದು ಮೊದಲ 50 ಹೆಸರು ಎಕ್ಸೆಲ್‌ಗೆ ಹಾಕ್ದೆ. ಹಾರ್ವರ್ಡ್, ಆಕ್ಸ್‌ಫರ್ಡ್, ಕೇಂಬ್ರಿಡ್ಜ್, ಹಂಗೇ ಕೆಳಗೆ. ಆ ಹುತ್ತರಿ ಹಬ್ಬಕ್ಕೆ ಐನ್‌ಮನೆಯಲ್ಲಿ (ಮನೆತನದ ಮೂಲ ಮನೆ) ಎಲ್ಲಾ ಸೇರಿದ್ವಿ, ತಂಬಿಟ್ಟು ತಿಂತಾ ದೊಡ್ಡಪ್ಪ ಕೇಳಿದ ಮೊದಲ ಪ್ರಶ್ನೆನೇ "ಎಷ್ಟನೇ ರ್‍ಯಾಂಕಿನ ಕಾಲೇಜು ಮಗಾ?" ಅಂತ. ಏನು ಓದ್ತೀಯ ಅಂತ ಯಾರೂ ಕೇಳ್ಲಿಲ್ಲ. ಅದು ಅವರ ತಪ್ಪಲ್ಲ, ಅಷ್ಟು ದುಡ್ಡು ಹಾಕುವಾಗ ಹಿಡ್ಕೊಳ್ಳೋಕೆ ಒಂದು ನಂಬರ್ ಬೇಕು ಅನ್ಸೋದು ಸಹಜ.

ಬ್ಯಾಂಕಲ್ಲೂ ಅದೇ. ನಮ್ಮದು ಜಮ್ಮಾ ಜಾಗ, ಅಂದ್ರೆ ಇಡೀ ಮನೆತನಕ್ಕೆ ವಂಶಪಾರಂಪರ್ಯವಾಗಿ ಬಂದಿದ್ದು, ಪಹಣಿಯಲ್ಲಿ ಮಾಲೀಕರ ಹೆಸರಿರೋ ಕಾಲಂ 9ರಲ್ಲಿ ಹನ್ನೊಂದು ಜನರ ಹೆಸರು, ಅದ್ರಲ್ಲಿ ನಾಲ್ಕು ಜನ ತೀರ್ಕೊಂಡಿದ್ದಾರೆ. ಮ್ಯಾನೇಜರ್ ಪಹಣಿ ನೋಡಿ ಮಡಚಿ ವಾಪಸ್ ಕೊಟ್ರು. ಆಮೇಲೆ ಡ್ರಾಯರಿಂದ ಒಂದು ಲಿಸ್ಟ್ ತೆಗೆದು, ಇದ್ರಲ್ಲಿರೋ ಕಾಲೇಜಾದ್ರೆ ಅಡಮಾನ ಇಲ್ದೇ ನೋಡಬಹುದು ಅಂದ್ರು. ಕಾಫಿ ತೋಟ ಇದ್ರೂ ಸಾಲ ಹುಟ್ಟಲ್ಲ, ಕಾಲೇಜಿನ ಹೆಸರಿಗೆ ಹುಟ್ಟುತ್ತೆ! ಸರ್ಕಾರಿ ಸ್ಕಾಲರ್‌ಶಿಪ್‌ಗೂ ಇದೇ ಲೆಕ್ಕ, ನಮ್ಮ ವಕೀಲರ ಸಂಘದ ಗೆಳೆಯನೊಬ್ಬ ಹಾಕಿದ ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್‌ಗೆ ಯೂನಿವರ್ಸಿಟಿ ಕ್ಯೂಎಸ್‌ನಲ್ಲಿ ಮೊದಲ 500ರೊಳಗೆ ಇರ್ಬೇಕು ಅಂತಿತ್ತು. ರ್‍ಯಾಂಕಿಂಗ್ ನನಗಿಂತ ಜಾಸ್ತಿ ಬೇಕಾಗಿದ್ದು ನನ್ನ ಸುತ್ತ ಇದ್ದವರಿಗೆ ಅಂತ ಗೊತ್ತಾಗಿದ್ದು ಆವಾಗ.

ಅದೇ ನವೆಂಬರಲ್ಲಿ ಅಮೆರಿಕದ ಯೇಲ್ ಮತ್ತೆ ಹಾರ್ವರ್ಡ್ ಲಾ ಸ್ಕೂಲ್‌ಗಳು ಅಲ್ಲಿನ ಕಾಲೇಜುಗಳಿಗೆ ರ್‍ಯಾಂಕ್ ಕೊಡೋ ಯುಎಸ್ ನ್ಯೂಸ್ ರ್‍ಯಾಂಕಿಂಗ್‌ಗೆ ಇನ್ಮೇಲೆ ಮಾಹಿತಿ ಕೊಡಲ್ಲ ಅಂದ್ಬಿಟ್ವು. ಟಾಪಲ್ಲಿರೋರೇ ಬೇಡ ಅಂತಾರಲ್ಲ ಅಂತ ಕೂತು ಲೆಕ್ಕ ಹೆಂಗೆ ಹಾಕ್ತಾರೆ ಅಂತ ಓದ್ದೆ. ಕ್ಯೂಎಸ್ ಲಾ ಲಿಸ್ಟಲ್ಲಿ ಮುಕ್ಕಾಲಕ್ಕಿಂತ ಜಾಸ್ತಿ ಅಂಕ ಪ್ರೊಫೆಸರ್‌ಗಳನ್ನ, ಕೆಲಸ ಕೊಡೋರನ್ನ ಕೇಳಿ ಹಾಕೋದು, ಅಂದ್ರೆ ಹೆಸರಿಗೆ ಸಿಗೋ ಅಂಕ. ಯುಎಸ್ ನ್ಯೂಸ್ ಅಳೆಯೋದು ಜೆಡಿ ಕೋರ್ಸನ್ನ (ಅಮೆರಿಕದ ಮೊದಲ ಲಾ ಡಿಗ್ರಿ), ಎಲ್‌ಎಲ್‌ಎಂನ ಅಲ್ಲವೇ ಅಲ್ಲ. ಅದೇ ಯುಎಸ್ ನ್ಯೂಸ್‌ನ ಪರಿಸರ ಕಾನೂನಿನ ಪಟ್ಟಿ ಬೇರೆ ಇದೆ, ಅದ್ರಲ್ಲಿ ಪೇಸ್, ವರ್ಮಾಂಟ್ ಅನ್ನೋ ಲಾ ಸ್ಕೂಲ್‌ಗಳು ಮೇಲಿನ ಸಾಲಲ್ಲಿ ಬರ್ತವೆ, ಒಟ್ಟು ಪಟ್ಟಿಯಲ್ಲಿ ಎಲ್ಲೋ ಕೆಳಗೆ. ನನ್ನ ಎಕ್ಸೆಲಲ್ಲಿ ಈ ಎರಡೂ ಹೆಸರು ಇರ್ಲೇ ಇಲ್ಲ.

ಆಮೇಲೆ ಲಿಸ್ಟ್ ಅಳಿಸಿ ಹೊಸದಾಗಿ ಶುರು ಮಾಡ್ದೆ. ಕಾಲೇಜಿನ ಸ್ಟಾಫ್ ಪೇಜ್ ತೆಗೆದು ನನ್ನ ವಿಷಯದಲ್ಲಿ ಎಷ್ಟು ಜನ ಇದ್ದಾರೆ, ಏನು ಬರೆದಿದ್ದಾರೆ ನೋಡ್ದೆ, ಒಬ್ಬೊಬ್ಬರದ್ದು ಎರಡೆರಡು ಲೇಖನ ಓದ್ದೆ. ಬ್ರೋಷರಲ್ಲಿರೋ ಪೇಪರ್ (ಕಲಿಸೋ ವಿಷಯ) ಈ ವರ್ಷ ನಿಜವಾಗ್ಲೂ ನಡೆಯುತ್ತಾ ಅಂತ ಆಫೀಸಿಗೆ ಮೇಲ್ ಹಾಕಿ ಕೇಳ್ದೆ, ಒಂದು ದೊಡ್ಡ ಹೆಸರಿನ ಕಡೆ ನಾನು ಆಸೆಪಟ್ಟ ಪೇಪರ್ ಎರಡು ವರ್ಷದಿಂದ ನಡೆದೇ ಇರ್ಲಿಲ್ಲ. ಓದಿ ಮುಗಿಸಿದೋರಿಗೆ ಕೇಳಿದ್ದು ಒಂದೇ, ಡಿಸರ್ಟೇಶನ್ (ಕೊನೆಯ ದೊಡ್ಡ ಪ್ರಬಂಧ) ಟೈಮಲ್ಲಿ ಗೈಡ್ ಎಷ್ಟು ಸಲ ಸಿಕ್ಕಿದ್ರು? ಬ್ರಿಟನ್ನಲ್ಲಿ ಎಲ್‌ಎಲ್‌ಎಂ 180 ಕ್ರೆಡಿಟ್, ಅದ್ರಲ್ಲಿ ಸಾಮಾನ್ಯವಾಗಿ 60 ಡಿಸರ್ಟೇಶನ್‌ಗೇ ಹೋಗುತ್ತೆ, ಗೈಡ್ ಸಿಗ್ದಿದ್ರೆ ಆ 60 ಕ್ರೆಡಿಟ್ ನಾವೇ ಒಬ್ಬರೇ ಎಳೀಬೇಕು.

ಕೊನೆಗೆ ಗ್ಲಾಸ್ಗೋದ ಸ್ಟ್ರಾತ್‌ಕ್ಲೈಡ್ ಆರಿಸ್ದೆ. ಲಾ ಟಾಪ್ 50ರಲ್ಲಿ ಇಲ್ಲ, ಆದ್ರೆ ಪರಿಸರ ಕಾನೂನಿಗೇ ಅಂತ ಬೇರೆ ಸೆಂಟರ್ ಇದೆ. ಇದಕ್ಕೆ ಬೆಲೆನೂ ಕೊಟ್ಟೆ, ಬ್ಯಾಂಕಿನ ಆ ಲಿಸ್ಟಲ್ಲಿ ಹೆಸರಿಲ್ದೇ ಅಮ್ಮನ ಹೆಸರಲ್ಲಿದ್ದ ಗೋಣಿಕೊಪ್ಪದ ಸೈಟ್ ಅಡ ಇಡ್ಬೇಕಾಯ್ತು. ಸಹಿ ಹಾಕುವಾಗ ಅಮ್ಮ ಏನೂ ಮಾತಾಡ್ಲಿಲ್ಲ, ಆ ಮೌನ ನಂಗೆ ಇವತ್ತಿಗೂ ನೆನಪಿದೆ.

ಅಲ್ಲಿ ಗೈಡ್ ಜೊತೆ ಮೊದಲ ಭೇಟಿಯಲ್ಲಿ ದೇವರಕಾಡು ಅಂದ್ರೆ ಏನು, ಅದು ಯಾರದ್ದು ಅಂತ ಕೇಳಿದ್ರು. ಫೋನಲ್ಲಿದ್ದ ನಮ್ಮ ಪಹಣಿ ಫೋಟೋ ತೋರಿಸಿ ಒಂದೊಂದು ಕಾಲಮ್ಮೂ ಇಂಗ್ಲಿಷಲ್ಲಿ ಓದಿ ಹೇಳ್ದೆ, ಒಂದು ಗಂಟೆ ಹೋಯ್ತು, ಕೊನೆಗೆ ಅವರು ಇದನ್ನೇ ಬರಿ ಅಂದ್ರು.

ಇನ್ನೊಂದು ಮಾತು. ಲಂಡನ್ನಿನ ದೊಡ್ಡ ಫರ್ಮಲ್ಲಿ ಕೆಲಸ ಬೇಕು ಅನ್ನೋರಿಗೆ ಹೆಸರು ಮುಖ್ಯನೇ, ನಾನು ಇಲ್ಲ ಅನ್ನಲ್ಲ. ಆದ್ರೆ ಅಲ್ಲಿ ಸಾಲಿಸಿಟರ್ (ಅಲ್ಲಿನ ಒಂದು ಬಗೆಯ ವಕೀಲ) ಆಗೋಕೆ 2021ರಿಂದ ಎಸ್‌ಕ್ಯೂಇ ಪರೀಕ್ಷೆ ಇದೆ, ಅದಕ್ಕೆ ಎಲ್‌ಎಲ್‌ಎಂ ಬೇಕೇಬೇಕು ಅಂತಿಲ್ಲ. ಪಿಯುಸಿ ಮುಗಿಸಿ ಎಲ್‌ಎಲ್‌ಬಿಗೇ ಹೊರಗೆ ಹೋಗೋರು ಬಾರ್ ಕೌನ್ಸಿಲ್ ಆಫ್ ಇಂಡಿಯಾ ಆ ಡಿಗ್ರಿ ಒಪ್ಪುತ್ತಾ ಅಂತ ರ್‍ಯಾಂಕಿಗಿಂತ ಮೊದಲು ನೋಡ್ಕೊಳ್ಳಿ, ಇಲ್ಲಾಂದ್ರೆ ವಾಪಸ್ ಬಂದು ಇಲ್ಲಿ ಕೋಟು ಹಾಕೋಕೇ ಆಗಲ್ಲ.

ಹೋದ ತಿಂಗಳು ಪೊನ್ನಂಪೇಟೆಯ ಒಬ್ಬಳು ಹುಡುಗಿ ಹನ್ನೆರಡು ಹೆಸರಿನ ಲಿಸ್ಟ್ ಹಿಡ್ಕೊಂಡು ಆಫೀಸಿಗೆ ಬಂದಿದ್ಳು. ಇಬ್ರೂ ಕೂತು ಸ್ಟಾಫ್ ಪೇಜ್ ತೆಗೆದು ನೋಡ್ತಾ ಹೋದ್ವಿ, ಸಂಜೆ ಹೊತ್ತಿಗೆ ಐದು ಉಳಿದ್ವು, ಅದ್ರಲ್ಲಿ ಎರಡು ಅವಳ ಲಿಸ್ಟಲ್ಲಿ ಇರ್ಲೇ ಇಲ್ಲ.