ನೌಕಾಪಡೆಯಲ್ಲಿ ಪೊಲೀಸ್ ಕೆಲಸ: ಮನೆಯವರು ಕೇಳುವುದು, ನಾನು ಹೇಳುವುದು

ಅಮೆರಿಕದ ನೌಕಾಪಡೆಯಲ್ಲಿ ಪೊಲೀಸ್ ಕೆಲಸ ಮಾಡುವವರಿಗೆ ಮಾಸ್ಟರ್ ಅಟ್ ಆರ್ಮ್ಸ್ ಎಂದು ಹೆಸರು. ನಾವೆಲ್ಲ ಎಂಎ ಅಂತಲೇ ಕರೆಯುವುದು. ನಾನು ಹಾಸನ ಜಿಲ್ಲೆಯಲ್ಲಿ ಹುಟ್ಟಿ, ಹೈಸ್ಕೂಲಿನ ಹೊತ್ತಿಗೆ ಅಪ್ಪ ಅಮ್ಮನ ಜೊತೆ ನ್ಯೂಜೆರ್ಸಿಗೆ ಬಂದವನು. ಪೌರತ್ವ ಸಿಕ್ಕ ಮೇಲೆ ಎಂಎ ಆಗಿ ಸೇರಿದೆ. ವರ್ಜೀನಿಯಾ ರಾಜ್ಯದ ನಾರ್ಫೋಕ್ ನೌಕಾನೆಲೆಯಲ್ಲೂ ಬಹ್ರೇನ್‌ನಲ್ಲೂ ದುಡಿದು ಈಗ ಹೊರಬಂದಿದ್ದೇನೆ. ಆದರೂ ಮಕ್ಕಳು ಈ ಕೆಲಸಕ್ಕೆ ಸೇರಿದ, ಸೇರಲಿರುವ ಕನ್ನಡದ ಮನೆಗಳಿಂದ ಫೋನು ಬರುತ್ತಲೇ ಇರುತ್ತದೆ. ಕೇಳುವವರು ಹೆಚ್ಚಾಗಿ ತಾಯಂದಿರು.

ಸೇರುವ ವಿಷಯದಿಂದಲೇ ಶುರುಮಾಡುತ್ತೇನೆ. ಗ್ರೀನ್ ಕಾರ್ಡ್ ಇದ್ದರೆ ನೌಕಾಪಡೆಗೆ ಸೇರಬಹುದು, ಆದರೆ ಎಂಎ ಆಗಲು ಪೌರತ್ವವೇ ಬೇಕು. ಎಚ್-4 ವೀಸಾದಲ್ಲಿರುವ, ಅಂದರೆ ಎಚ್-1ಬಿ ಕೆಲಸದ ವೀಸಾದವರ ಅವಲಂಬಿತರಾಗಿ ಬಂದ ಮಕ್ಕಳಿಗೆ ಎರಡೂ ಬಾಗಿಲು ಮುಚ್ಚಿವೆ. ಪೌರತ್ವ ಇದ್ದವರಿಗೂ ಭದ್ರತಾ ತಪಾಸಣೆ ತಪ್ಪಿದ್ದಲ್ಲ. ಎಸ್‌ಎಫ್-86 ಎಂಬ ಉದ್ದನೆಯ ಫಾರಂ ತುಂಬಬೇಕು. ಅದರಲ್ಲಿ ವಿದೇಶದಲ್ಲಿರುವ ನೆಂಟರು, ಅಲ್ಲಿಯ ಆಸ್ತಿ, ಅಲ್ಲಿಗೆ ಹೋಗಿಬಂದ ಪ್ರಯಾಣ ಎಲ್ಲವನ್ನೂ ಕೇಳುತ್ತಾರೆ. ನಮ್ಮ ಮನೆಗಳಲ್ಲಿ ತೊಡಕಾಗುವುದು ಇಲ್ಲೇ. ತಾತನ ಜಮೀನಿನ ಪಹಣಿಯಲ್ಲಿ ಮೊಮ್ಮಗನ ಹೆಸರು ಸೇರಿರುತ್ತದೆ, ಹುಡುಗನಿಗೆ ಅದರ ಸುಳಿವೂ ಇರುವುದಿಲ್ಲ. ನಾನು ಫಾರಂ ತುಂಬುವ ಮೊದಲು ಅಪ್ಪನನ್ನು ಕೂರಿಸಿಕೊಂಡು ಊರಿನ ಜಮೀನು, ಚಿಕ್ಕಪ್ಪಂದಿರು, ಸೋದರತ್ತೆಯರು, ಬ್ಯಾಂಕ್ ಖಾತೆಗಳು ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆದುಕೊಂಡೆ. ಊರಲ್ಲಿ ನೆಂಟರಿದ್ದಾರೆ, ಜಮೀನಿದೆ ಎಂಬ ಕಾರಣಕ್ಕೇ ಸಾಮಾನ್ಯವಾಗಿ ಯಾರನ್ನೂ ತಿರಸ್ಕರಿಸುವುದಿಲ್ಲ. ಮುಚ್ಚಿಟ್ಟದ್ದು ಬೆಳಕಿಗೆ ಬಂದರೆ ಮಾತ್ರ ಕೆಲಸ ಕೈತಪ್ಪುತ್ತದೆ, ಆಮೇಲೆ ನೌಕಾಪಡೆ ತನಗೆ ಬೇಕಾದ ಬೇರೆ ಕೆಲಸಕ್ಕೆ ಹಾಕಬಹುದು. ಕೌಟುಂಬಿಕ ಹಿಂಸೆಯ ಅಪರಾಧ ಸಾಬೀತಾದವರು ಬಂದೂಕು ಹಿಡಿಯುವಂತಿಲ್ಲ ಎಂದು 1996ರ ಲಾಟನ್‌ಬರ್ಗ್ ತಿದ್ದುಪಡಿ ಹೇಳುತ್ತದೆ. ಅಂಥವರು ಎಂಎ ಆಗುವ ಮಾತೇ ಇಲ್ಲ.

ಮೂಲ ತರಬೇತಿ ಇಲಿನಾಯ್ ರಾಜ್ಯದ ಗ್ರೇಟ್ ಲೇಕ್ಸ್‌ನಲ್ಲಿ. ಮಕ್ಕಳು ತಲುಪಿದ ಕೂಡಲೇ ಮನೆಗೆ ಒಂದು ಚುಟುಕು ಫೋನು ಮಾಡುತ್ತಾರೆ, ಆಮೇಲೆ ದಿನಗಟ್ಟಲೆ ಸುದ್ದಿ ಇರುವುದಿಲ್ಲ. ಆ ಮೌನಕ್ಕೆ ಅಮ್ಮಂದಿರು ಮೊದಲೇ ಸಿದ್ಧರಾಗಿರಬೇಕು. ಅಲ್ಲಿಂದ ಮುಂದೆ ಟೆಕ್ಸಸ್‌ನ ಸ್ಯಾನ್ ಆಂಟೋನಿಯೋ ಬಳಿಯ ಲ್ಯಾಕ್‌ಲ್ಯಾಂಡ್ ವಾಯುನೆಲೆಗೆ. ಪಿಸ್ತೂಲು, ರೈಫಲ್, ಶಾಟ್‌ಗನ್, ವಾಹನ ತಪಾಸಣೆ, ಬಂಧನದ ಕ್ರಮ, ವರದಿ ಬರೆಯುವುದು ಎಲ್ಲವನ್ನೂ ಅಲ್ಲಿ ಕಲಿಸುತ್ತಾರೆ. ಅಮೆರಿಕದ ಸೇನಾ ನಾಯಿಗಳಿಗೆ ತರಬೇತಿ ಕೊಡುವುದೂ ಅದೇ ಜಾಗದಲ್ಲಿ.

ಮುಖಕ್ಕೆ ಪೆಪ್ಪರ್ ಸ್ಪ್ರೇ ಹೊಡೆಸಿಕೊಂಡು, ಉರಿಯುವ ಕಣ್ಣಲ್ಲೇ ಎದುರಾಳಿಯನ್ನು ಹಿಮ್ಮೆಟ್ಟಿಸುವ ಪರೀಕ್ಷೆಯೊಂದಿದೆ. ಅದರ ವೀಡಿಯೊ ನೋಡಿದ ತಾಯಂದಿರು ಗಾಬರಿಯಾಗುತ್ತಾರೆ. ಉರಿ ನಿಜ, ಆದರೆ ತಣ್ಣೀರು ಗಾಳಿ ಸೋಕಿದರೆ ಸ್ವಲ್ಪ ಹೊತ್ತಿಗೆ ಇಳಿಯುತ್ತದೆ. ಆ ಉರಿ ಏನೆಂದು ಗೊತ್ತಿದ್ದವನು ಇನ್ನೊಬ್ಬರ ಮೇಲೆ ಸ್ಪ್ರೇ ಬಳಸುವ ಮುನ್ನ ಎರಡು ಸಲ ಯೋಚಿಸುತ್ತಾನೆ. ಈ ಪರೀಕ್ಷೆ ಇರಲೇಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಎಲ್ಲರ ಬಾಯಲ್ಲೂ ಬರುವ ಪ್ರಶ್ನೆ ಒಂದೇ, ಅಪಾಯ ಇದೆಯಾ? ಇದೆ, ನಾನು ಸುಳ್ಳು ಹೇಳುವುದಿಲ್ಲ. 2000ದ ಅಕ್ಟೋಬರ್ 12ರಂದು ಯೆಮನ್ ದೇಶದ ಏಡನ್ ಬಂದರಿನಲ್ಲಿ ಯುಎಸ್‌ಎಸ್ ಕೋಲ್ ಹಡಗಿಗೆ ಸ್ಫೋಟಕ ತುಂಬಿದ ದೋಣಿ ಬಡಿದು 17 ನಾವಿಕರು ಸತ್ತರು. ಮರುವರ್ಷ ಸೆಪ್ಟೆಂಬರ್ 11ರ ದಾಳಿಯೂ ನಡೆಯಿತು. ಅಲ್ಲಿಯವರೆಗೆ ಬೇರೆ ವಿಭಾಗಗಳಲ್ಲಿ ಪಳಗಿದವರೇ ಎಂಎ ಆಗುತ್ತಿದ್ದರು. ಹೊಸಬರನ್ನು ನೇರವಾಗಿ ದೊಡ್ಡ ಸಂಖ್ಯೆಯಲ್ಲಿ ಸೇರಿಸಿಕೊಳ್ಳತೊಡಗಿದ್ದು ಆಮೇಲೆ. 2014ರ ಮಾರ್ಚ್ 24ರಂದು ನಾರ್ಫೋಕ್ ನೆಲೆಯೊಳಗೆ, ಯುಎಸ್‌ಎಸ್ ಮಹಾನ್ ಹಡಗಿನ ಮೇಲೆ, ಹೊರಗಿನವನೊಬ್ಬ ಕಾವಲಿನವರ ಪಿಸ್ತೂಲು ಕಸಿದುಕೊಂಡ. ಎಂಎ ಮಾರ್ಕ್ ಮೇಯೊ ಓಡಿಬಂದು ಆ ನಾವಿಕರಿಗೆ ಅಡ್ಡ ನಿಂತು ಗುಂಡಿಗೆ ಎದೆಯೊಡ್ಡಿದರು. ಅವರು ಉಳಿಯಲಿಲ್ಲ, ಕಾವಲಿನವರು ಉಳಿದರು. ನಾರ್ಫೋಕ್‌ನಲ್ಲಿ ಕೆಲಸ ಮಾಡಿದ ಯಾವ ಎಂಎಗೂ ಆ ಹೆಸರು ಮರೆಯುವಂಥದ್ದಲ್ಲ.

ಆದರೂ ನಮ್ಮ ಮಕ್ಕಳನ್ನು ದಿನದಿನವೂ ಸವೆಸುವುದು ಗುಂಡಲ್ಲ, ಪಾಳಿ. ಹನ್ನೆರಡು ಗಂಟೆ ಗೇಟಿನಲ್ಲಿ ನಿಂತು ಗುರುತಿನ ಚೀಟಿ ನೋಡಬೇಕು. ಪಾಳಿಗೆ ಮುಂಚೆ ಆಯುಧ ಪಡೆಯಬೇಕು, ಮುಗಿದ ಮೇಲೆ ಹಿಂತಿರುಗಿಸಬೇಕು, ಅದಕ್ಕೆ ಬೇರೆ ಹೊತ್ತು ಹಿಡಿಯುತ್ತದೆ. ಬಹ್ರೇನ್‌ನ ಬೇಸಿಗೆಯಲ್ಲಿ ಗುಂಡುನಿರೋಧಕ ಕವಚ ತೊಟ್ಟು ನಿಂತರೆ ಅಂಗಿ ಬೆವರಿನಲ್ಲಿ ತೊಯ್ದು ಮೈಗೆ ಅಂಟುತ್ತಿತ್ತು. ರಾತ್ರಿ ಪಾಳಿಯವನು ಹಗಲು ಮಲಗುತ್ತಾನೆ. ಅಮ್ಮನ ಫೋನು ಬರುವುದು ಆಗಲೇ. ಮಗ ಫೋನು ತೆಗೆಯಲಿಲ್ಲ, ಸಿಡುಕಿದ ಎಂದು ನೊಂದುಕೊಳ್ಳುವವರಿಗೆ ನಾನು ಹೇಳುವುದು ಇಷ್ಟೇ: ಅವನ ಪಾಳಿಯ ಪಟ್ಟಿ ಕೇಳಿ ಇಟ್ಟುಕೊಳ್ಳಿ, ಎಚ್ಚರವಿದ್ದಾಗ ಮಾತಾಡಿ.

ಇನ್ನೊಂದು ಕಷ್ಟದ ಬಗ್ಗೆ ಯಾರೂ ಬಾಯಿಬಿಡುವುದಿಲ್ಲ. ನೆನ್ನೆ ಜೊತೆಗೆ ಕೂತು ಉಂಡವನು ಇವತ್ತು ಕುಡಿದು ಕಾರು ಓಡಿಸಿ ಗೇಟಿಗೆ ಬಂದರೆ ನಾವೇ ಹಿಡಿಯಬೇಕು. ಸೇನಾ ನ್ಯಾಯಸಂಹಿತೆಯ 31ನೇ ವಿಧಿಯಂತೆ ಅವನ ಹಕ್ಕುಗಳನ್ನು ಹೇಳಿದ ಮೇಲೆಯೇ ಪ್ರಶ್ನೆ ಕೇಳಬೇಕು. ಆಮೇಲೆ ಆ ಸ್ನೇಹ ಮೊದಲಿನಂತೆ ಉಳಿಯುವುದಿಲ್ಲ. ಹಾಗಾಗಿ ಎಂಎಗಳಿಗೆ ಎಂಎಗಳೇ ಗೆಳೆಯರು. "ನನ್ನ ಮಗನ ಕೇಸು ಏನಾಯಿತು, ಸ್ವಲ್ಪ ವಿಚಾರಿಸಪ್ಪ" ಎಂದು ಕೆಲವರು ನನ್ನನ್ನೇ ಕೇಳಿದ್ದಿದೆ. ವಿಚಾರಿಸುವಂತಿಲ್ಲ, ಸಮವಸ್ತ್ರದಲ್ಲಿದ್ದಾಗಲೂ ಮನೆಯವರಿಗೆ ಹೇಳುವಂತಿರಲಿಲ್ಲ. ಹುಡುಗನಿಗೆ ಸೇನೆಯ ವಕೀಲರ ನೆರವು ಸಿಗುತ್ತದೆ, ಮೊದಲು ಅವರನ್ನು ಕಾಣಲಿ.

ಊರಲ್ಲಿ ಯಾರಿಗಾದರೂ ಹುಷಾರು ತಪ್ಪಿದಾಗ ಬರುವ ಫೋನುಗಳೇ ನನಗೆ ಹೆಚ್ಚು ನೋವು ಕೊಡುವುದು. ನಾವಿಕನಿಗೆ ವರ್ಷಕ್ಕೆ 30 ದಿನ ರಜೆ ಉಂಟು. ತುರ್ತು ರಜೆ ಬೇಕಾದರೆ ಮನೆಯವರು ಅಮೆರಿಕನ್ ರೆಡ್‌ಕ್ರಾಸ್‌ಗೆ ತಿಳಿಸಬೇಕು. ಅವರು ಆಸ್ಪತ್ರೆಯಿಂದ ಖಚಿತಪಡಿಸಿಕೊಂಡು ಅವನ ಘಟಕಕ್ಕೆ ಸಂದೇಶ ಕಳಿಸುತ್ತಾರೆ. ರಜೆ ಕೊಡುವುದು ಬಿಡುವುದು ಕಮಾಂಡಿನ, ಅಂದರೆ ಅವನ ಘಟಕದ ಮೇಲಧಿಕಾರಿಗಳ, ನಿರ್ಧಾರ. ಊರಿನ ಆಸ್ಪತ್ರೆಯ ಹೆಸರು, ವೈದ್ಯರ ಹೆಸರು, ಇಂಗ್ಲಿಷಿನಲ್ಲಿ ಉತ್ತರಿಸಬಲ್ಲವರ ಫೋನ್ ನಂಬರು, ಮಗನ ಪೂರ್ಣ ಹೆಸರು, ಹುಟ್ಟಿದ ದಿನ, ಘಟಕದ ವಿಳಾಸ, ಇಷ್ಟನ್ನು ಇವತ್ತೇ ಒಂದು ಕಾಗದದಲ್ಲಿ ಬರೆದು ದೇವರ ಮನೆಯಲ್ಲಿಡಿ. ತಂದೆ ತಾಯಿ, ಒಡಹುಟ್ಟಿದವರ ವಿಷಯದಲ್ಲಿ ತುರ್ತು ರಜೆ ಬೇಗ ಆಗುತ್ತದೆ. ಅಜ್ಜಿ ತಾತನ ವಿಷಯದಲ್ಲಿ ಹಾಗಲ್ಲ. ಅಜ್ಜಿಯೇ ಹೆತ್ತವರ ಜಾಗದಲ್ಲಿ ನಿಂತು ಸಾಕಿದ್ದರೆ ಅದನ್ನು ಸ್ಪಷ್ಟವಾಗಿ ಹೇಳಿ, ಅದಕ್ಕೆ ಬೆಲೆ ಇದೆ. ಭಾರತಕ್ಕೆ ಹೊರಡಲು ಮೇಲಧಿಕಾರಿಗಳ ಅನುಮತಿ ಬೇಕು, ಜೊತೆಗೆ ಮಗನ ಪಾಸ್‌ಪೋರ್ಟಿನ ಅವಧಿ ಮುಗಿಯಲು ಬಿಡಬೇಡಿ.

ಬೇರೆ ದುಗುಡಗಳಿಗೆ ಪ್ರತಿ ಘಟಕದಲ್ಲೂ ಆಂಬಡ್ಸ್‌ಮನ್ ಎಂಬ ಸ್ವಯಂಸೇವಕರಿರುತ್ತಾರೆ, ಸಾಮಾನ್ಯವಾಗಿ ನಾವಿಕರ ಬಾಳಸಂಗಾತಿಗಳು. 1970ರಲ್ಲಿ ಅಡ್ಮಿರಲ್ ಎಲ್ಮೊ ಜುಮ್‌ವಾಲ್ಟ್ ಆರಂಭಿಸಿದ ವ್ಯವಸ್ಥೆ ಅದು. ಕಮಾಂಡಿಂಗ್ ಆಫೀಸರಿಗೆ ಅಳುತ್ತ ಫೋನು ಮಾಡುವ ಮುನ್ನ ಅವರೊಡನೆ ಮಾತಾಡಿ. ನಮ್ಮವರು ಸಂಕೋಚದಿಂದ ಕರೆಯುವುದೇ ಇಲ್ಲ. ದಯವಿಟ್ಟು ಕರೆಯಿರಿ.

ನೌಕಾಪಡೆಯಿಂದ ಹೊರಬಂದ ಮೇಲೆ ಅಮೆರಿಕದ ಊರುಗಳ ಪೊಲೀಸ್ ಕೆಲಸ ತಾನಾಗಿ ಸಿಗುತ್ತದೆಯೇ? ಇಲ್ಲ. ಎಂಎ ಅನುಭವಕ್ಕೆ ಗೌರವವಿದೆ, ಮಾಜಿ ಯೋಧರಿಗೆ ಹಲವೆಡೆ ಆದ್ಯತೆಯೂ ಇದೆ, ಆದರೆ ಪೊಲೀಸ್ ಅಕಾಡೆಮಿ ಮುಗಿಸಬೇಕೇ ಬೇಡವೇ ಎಂಬ ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ನೆಲೆಸಬೇಕೆಂದಿರುವ ರಾಜ್ಯದ ನಿಯಮವನ್ನು ಸೇವೆಯಲ್ಲಿರುವಾಗಲೇ ವಿಚಾರಿಸಿಕೊಳ್ಳಲಿ, ತರಬೇತಿಯ ಪ್ರತಿಯೊಂದು ಪ್ರಮಾಣಪತ್ರದ ನಕಲನ್ನೂ ಮನೆಗೆ ಕಳಿಸುತ್ತಿರಲಿ.